ಅರೇ ನಿಮ್ಮದು, ಫ್ರೀ ಮಾಡುವವರು ಯಾರು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ದರಗಳನ್ನು ಸಿ ಪ್ರೋಗ್ರಾಮಿನಲ್ಲಿ ಓದಿ, ಮ್ಯಾಲಕ್ ಮಾಡಿದ (ಅಂದರೆ ಓಡುವಾಗ ಮೆಮೊರಿ ಕೇಳಿ ಪಡೆದ) ಡಬಲ್ ಅರೇಗೆ, ಒಂದು ಸಂಖ್ಯೆಗೆ 8 ಬೈಟ್‌ನಂತೆ, ತುಂಬಿದ್ದೇನೆ. 200 ಸಾಲು, 8 ಕಾಲಂ. ಅದನ್ನೇ ಗಣಿತದ ಲೆಕ್ಕಗಳಿಗಿರುವ ಜಿಎಸ್‌ಎಲ್ ಲೈಬ್ರರಿಗೆ 'ಮ್ಯಾಟ್ರಿಕ್ಸ್ ವ್ಯೂ ಅರೇ' ಮೂಲಕ ಕೊಟ್ಟೆ. ಲೆಕ್ಕ ಸರಿ ಬಂತು. ಕೊನೆಗೆ 'ಮ್ಯಾಟ್ರಿಕ್ಸ್ ಫ್ರೀ' ಕರೆದರೆ 'ಇನ್‌ವ್ಯಾಲಿಡ್ ಪಾಯಿಂಟರ್' ಎಂದು ನಿಲ್ಲುತ್ತದೆ. ಮೆಮೊರಿ ತನ್ನದೇ ಎಂದು ಗುರುತಿಸುವ ಓನರ್ ಫೀಲ್ಡನ್ನು 1 ಮಾಡಿದರೂ ಅದೇ ಗತಿ. ಮೆಮೊರಿ ಬಿಡಬೇಕಾದವರು ಯಾರು?

ಉತ್ತರ: ನೀವೇ. ಮ್ಯಾಲಕ್ ಮಾಡಿದವರು ನೀವು ತಾನೆ? ವ್ಯೂ ಅಂದರೆ ಕಾಪಿ ಮಾಡದೆ ನಿಮ್ಮ ಅರೇಯನ್ನೇ ಮ್ಯಾಟ್ರಿಕ್ಸಿನಂತೆ ನೋಡುವುದು, ಲಾವಣಿಗೆ ಹಿಡಿದ ಹೊಲದ ಹಾಗೆ. ಉಳಬಹುದು, ಬಿತ್ತಬಹುದು, ಮಾರಲು ಬರುವುದಿಲ್ಲ. ಅದಕ್ಕೇ ವ್ಯೂ ತಯಾರಾದಾಗ ಓನರ್ 0 ಇರುತ್ತದೆ, ಜಿಎಸ್‌ಎಲ್ ತಾನೇ ಪಡೆದ ಮೆಮೊರಿಯನ್ನು ತೋರಿಸುವ ಬ್ಲಾಕ್ ಪಾಯಿಂಟರ್ ಖಾಲಿ ಇರುತ್ತದೆ.

ಮ್ಯಾಟ್ರಿಕ್ಸ್ ಫ್ರೀ ಎರಡು ಕೆಲಸ ಮಾಡುತ್ತದೆ. ಓನರ್ 1 ಇದ್ದರೆ ಬ್ಲಾಕ್ ಬಿಡುತ್ತದೆ. ಆಮೇಲೆ, ಓನರ್ ಏನೇ ಇರಲಿ, ಈ ಫೀಲ್ಡುಗಳನ್ನು ಹಿಡಿದಿರುವ ಮ್ಯಾಟ್ರಿಕ್ಸ್ ಸ್ಟ್ರಕ್ಟನ್ನೂ ಫ್ರೀ ಮಾಡುತ್ತದೆ. ಎಡವಿದ್ದು ಇಲ್ಲೇ. ನಿಮ್ಮ ವ್ಯೂ ಫಂಕ್ಷನ್ನಿನ ಲೋಕಲ್ ವೇರಿಯಬಲ್, ಫಂಕ್ಷನ್ ಮುಗಿದಾಗ ತಾನೇ ಖಾಲಿಯಾಗುವ ಸ್ಟ್ಯಾಕಿನಲ್ಲಿದೆ. ಮ್ಯಾಲಕ್ ಕೊಡದ ವಿಳಾಸವನ್ನು ಫ್ರೀ ಮಾಡಿದರೆ ಆ ಸಂದೇಶ ಬರುವುದೇ. ಓನರ್ 1 ಮಾಡಿದರೂ ನಿಮ್ಮ ಅರೇ ಬಿಡುಗಡೆ ಆಗುವುದಿಲ್ಲ, ಬ್ಲಾಕ್ ಖಾಲಿ ಇದೆಯಲ್ಲ. ಆ ಫೀಲ್ಡಿಗೆ ಕೈ ಹಾಕಬೇಡಿ.

ಹಾಗಾದರೆ ಸರಿಯಾದ ದಾರಿ? ವ್ಯೂ ಬಳಸುವ ಕೆಲಸವೆಲ್ಲ ಮುಗಿದ ಮೇಲೆ ನಿಮ್ಮ ಅರೇಯನ್ನು ಮಾಮೂಲಿ ಫ್ರೀಯಿಂದ ಬಿಡಿ. ವ್ಯೂಗೆ ಏನೂ ಮಾಡಬೇಕಿಲ್ಲ. ಫಂಕ್ಷನ್ನಿನಿಂದ ಮ್ಯಾಟ್ರಿಕ್ಸ್ ವಾಪಸ್ ಕೊಡಬೇಕಾದರೆ ಮಾತು ಬೇರೆ. ಆಗ 'ಮ್ಯಾಟ್ರಿಕ್ಸ್ ಅಲಕ್' ಮಾಡಿ, ವ್ಯೂನಿಂದ ಅದಕ್ಕೆ 'ಮ್ಯಾಟ್ರಿಕ್ಸ್ ಮೆಮ್‌ಕಾಪಿ' ಮಾಡಿ, ಅರೇಯನ್ನು ಅಲ್ಲೇ ಫ್ರೀ ಮಾಡಿಬಿಡಿ. ಹೊಸ ಮ್ಯಾಟ್ರಿಕ್ಸ್ ಪಡೆದವರು ಮ್ಯಾಟ್ರಿಕ್ಸ್ ಫ್ರೀ ಕರೆಯಲಿ. ಕಾಪಿ ಅಂದರೆ ಕೆಲವರು ಸುಮ್ನೆ ಹೆದರುತ್ತಾರೆ. ನಿಮ್ಮದು 12,800 ಬೈಟ್, ಅಷ್ಟೇ. 10,000 ಸಾಲು, 10,000 ಕಾಲಂ ಆದರೆ 80 ಕೋಟಿ ಬೈಟ್. ಅಲ್ಲಿ ವ್ಯೂ ಬಿಟ್ಟು ಬೇರೆ ಮಾತಿಲ್ಲ.

ಸಬ್‌ಮ್ಯಾಟ್ರಿಕ್ಸ್, ಅಂದರೆ ಮ್ಯಾಟ್ರಿಕ್ಸಿನ ಒಂದು ತುಂಡು, ಕೂಡ ವ್ಯೂನೇ. ಮೂಲ ಮ್ಯಾಟ್ರಿಕ್ಸ್ ಫ್ರೀ ಮಾಡಿದ ಮೇಲೆ ಅದನ್ನು ಮುಟ್ಟಿದರೆ ಒಮ್ಮೊಮ್ಮೆ ಸರಿಯಾದ ಸಂಖ್ಯೆಯೇ ಕಾಣುತ್ತದೆ, ಅದೇ ಜಾಸ್ತಿ ಅಪಾಯ. ಜಿಸಿಸಿ ಕಂಪೈಲರಿನಲ್ಲಿ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರನ್ನೂ -g ಆಯ್ಕೆಯನ್ನೂ ಹಾಕಿ ಕಂಪೈಲ್ ಮಾಡಿ ಓಡಿಸಿ. ತಪ್ಪಿದ ಸಾಲನ್ನು ಅದೇ ತೋರಿಸುತ್ತದೆ.