ದ್ವಾದಶಿ ಬಾರದ ಉಪವಾಸ

ದಿನದ ಇಂತಿಷ್ಟು ಗಂಟೆಗಳಲ್ಲಿ ಮಾತ್ರ ಉಣ್ಣುವ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಕ್ರಮದಿಂದ ಒಳಿತು ಕಂಡವರು ಆಪ್ತಸಲಹೆಗೆ ಬರುವುದಿಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ. ನನ್ನ ಬಳಿಗೆ ಬರುವವರು ಬೇರೆ ಬಗೆಯವರು. ಇತ್ತೀಚೆಗೆ ಅವರ ಅನುಭವಗಳು ಒಂದನ್ನೊಂದು ಹೋಲತೊಡಗಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇದಕ್ಕೆ ಅವರ ಒಪ್ಪಿಗೆಯಿದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ; ಇಲ್ಲಿ ಅವರ ಹೆಸರು ವಸುಧಾ ಎಂದಿರಲಿ.

ವಸುಧಾ ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅವರಿಗೆ 6.1 ಬಂದಿತ್ತು. 5.7ರಿಂದ 6.4ರವರೆಗಿನ ಮಟ್ಟವನ್ನು ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ವೈದ್ಯರು ತೂಕ ಇಳಿಸಲು ಹೇಳಿದಾಗ ಅವರು ಸಹೋದ್ಯೋಗಿಯೊಬ್ಬರನ್ನು ನೋಡಿ 16:8 ಕ್ರಮ ಹಿಡಿದರು: ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಊಟ, ಉಳಿದ ಹೊತ್ತು ನೀರು ಮತ್ತು ಹಾಲು ಸಕ್ಕರೆಯಿಲ್ಲದ ಕಾಫಿ. ತೂಕ ಇಳಿಯಿತು, ಸಕ್ಕರೆ 5.6ಕ್ಕೆ ಬಂತು, ಮದುವೆಮನೆಗಳಲ್ಲಿ ನೆಂಟರು ಹೊಗಳಿದರು. ಆಮೇಲೆ ಹದಿನಾರು ಗಂಟೆ ಹದಿನೆಂಟಾಯಿತು, ಹದಿನೆಂಟು ಇಪ್ಪತ್ತಾಯಿತು. ಪತಿ ಅವರನ್ನು ಕರೆತಂದದ್ದು ಸಿಟ್ಟು ಮತ್ತು ನಿದ್ರೆಗೇಡಿನ ಕಾರಣಕ್ಕೆ. ಉಪವಾಸದ ಬಗ್ಗೆ ಅವರು, "ಅದೊಂದನ್ನ ಮಾತ್ರ ಒಂದು ದಿನವೂ ತಪ್ಪಿಸಲ್ಲ ಮೇಡಂ," ಎಂದು ಹೆಮ್ಮೆಯಿಂದಲೇ ಹೇಳಿದ್ದರು.

ಮೊದಲ ಭೇಟಿಗಳಲ್ಲಿ ಕೆಲಸದ ಒತ್ತಡ, ಮಕ್ಕಳ ಓದು, ಅತ್ತೆಯವರ ಆರೋಗ್ಯದ ಮಾತೇ ಹೆಚ್ಚು ನಡೆಯಿತು. ಪ್ರಕರಣದ ದಿಕ್ಕು ಬದಲಾದದ್ದು ಪತಿ ಬರಲಾಗದಿದ್ದ ಒಂದು ದಿನ. ಇಡೀ ದಿನದಲ್ಲಿ ನಿಮಗೆ ಅತಿ ಕಷ್ಟವೆನಿಸುವ ಹೊತ್ತು ಯಾವುದೆಂದು ಅಂದು ಕೇಳಿದೆ. ಬೆಳಗಿನ ಹಸಿವಿನ ಹೊತ್ತನ್ನು ಹೇಳುತ್ತಾರೆಂದುಕೊಂಡಿದ್ದೆ.

"ನಾಲ್ಕು ಗಂಟೆ," ಎಂದರು. "ಡಬ್ಬಿ ತೆಗೆಯೋ ಹೊತ್ತು. ಹಸಿವು ನನಗೆ ಅಭ್ಯಾಸ ಆಗಿದೆ ಮೇಡಂ. ಊಟಕ್ಕೇ ಹೆದರಿಕೆ."

ನಾನು ಮಾತು ಸೇರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಮುಂದುವರಿಸಿದರು. ನಾಲ್ಕು ಗಂಟೆಗೆ ಬ್ಯಾಂಕಿನಲ್ಲಿ ಡಬ್ಬಿ ಖಾಲಿ ಮಾಡಿ ಆರಕ್ಕೆ ಮನೆಗೆ ಬಂದರೆ, ಎಂಟು ಗಂಟೆ ಹತ್ತಿರವಾಗುತ್ತಿದೆ ಎಂಬ ಆತಂಕದಲ್ಲಿ ಅಡುಗೆಮನೆಯಲ್ಲಿ ನಿಂತೇ ತಿನ್ನುವುದು: ಬೆಳಗಿನ ಚಪಾತಿ, ಮಕ್ಕಳ ಬಿಸ್ಕತ್ತು, ಪಾತ್ರೆಯಿಂದಲೇ ತಣ್ಣಗಿನ ಅನ್ನ. ರುಚಿಯೂ ತಿಳಿಯದು, ಎಲ್ಲಿ ನಿಲ್ಲಿಸಬೇಕೆಂದೂ ತಿಳಿಯದು. ಹೊಟ್ಟೆ ನೋಯುವವರೆಗೆ ತಿಂದ ಮೇಲೆ ನಾಚಿಕೆ. ಅದನ್ನು ಸರಿದೂಗಿಸಲು ಮರುದಿನ ಸಂಜೆ ಆರರವರೆಗೆ ನೀರು ಮಾತ್ರ. ಇದು ವಾರದಲ್ಲಿ ಹಲವು ಸಲ, ತಿಂಗಳುಗಟ್ಟಲೆ ನಡೆದಿತ್ತು. ಮನೆಯವರಿಗೆ ಕಂಡದ್ದು ಉಪವಾಸ ಮಾತ್ರ. ಕೊನೆಗೆ ಅವರು ಹೇಳಿದ್ದು ಇದು:

"ನಮ್ಮಮ್ಮ ಏಕಾದಶಿ ಮಾಡೋರು. ನೀರು ಬಿಟ್ಟು ಏನೂ ಇಲ್ಲ. ಆದರೆ ದ್ವಾದಶಿ ದಿನ ಕತ್ತಲಿರುವಾಗಲೇ ಎದ್ದು, ಅಡುಗೆ ಮಾಡಿ, ನೈವೇದ್ಯ ಮುಗಿಸಿ, ಎಷ್ಟು ಸಂತೋಷವಾಗಿ ಊಟಕ್ಕೆ ಕೂತ್ಕೊಳ್ಳೋರು. ನನಗೆ ದ್ವಾದಶಿನೇ ಬರಲ್ಲ ಮೇಡಂ."

ನನ್ನ ಸಲಹೆಯೆಲ್ಲ ಈ ಮಾತಿನಿಂದಲೇ ಹೊರಟಿತು. ಏಕಾದಶಿ ವ್ರತದಲ್ಲಿ ಪಾರಣೆಯೂ ಉಪವಾಸದಷ್ಟೇ ಕಡ್ಡಾಯ. ದ್ವಾದಶಿ ತಿಥಿ ಮುಗಿಯುವುದರೊಳಗೆ ಉಣ್ಣದಿದ್ದರೆ ವ್ರತಕ್ಕೇ ಲೋಪ. ರಂಜಾನ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಇಫ್ತಾರನ್ನು ತಡಮಾಡಬಾರದೆನ್ನುತ್ತಾರೆ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ಅಲ್ಲಿ ವಿನಾಯಿತಿಯಿದೆ. ನಮ್ಮ ಹಿರಿಯರ ವ್ರತಗಳಿಗೆ ಅಂಚುಗಳಿದ್ದವು, ಉಣ್ಣುವ ದಿನ ಪಂಕ್ತಿಯಲ್ಲಿ ಜೊತೆಗೆ ಜನರಿದ್ದರು. ವಸುಧಾ ಅವರ ಉಪವಾಸಕ್ಕೆ ಸಾಕ್ಷಿಯಾಗಿದ್ದದ್ದು ಮೊಬೈಲ್ ಆ್ಯಪ್ ಒಂದೇ, ಮತ್ತು ಅದು ನಿನ್ನೆಗಿಂತ ಹೆಚ್ಚು ಗಂಟೆಗಳಾದರೆ ಅಭಿನಂದಿಸುತ್ತಿತ್ತು.

ಇದನ್ನು ಮನೋಬಲದ ಕೊರತೆಯೆಂದು ನೋಡುವುದನ್ನು ನಾನು ಒಪ್ಪುವುದಿಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದ 36 ಯುವಕರನ್ನು ಆರಿಸಿ, 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಆ ಯುವಕರಿಗೆ ಊಟದ ಯೋಚನೆ ಬಿಟ್ಟು ಬೇರೆ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು, ಸಿಡುಕು ಮತ್ತು ಖಿನ್ನತೆ ಹೆಚ್ಚಿತು, ಧಾರಾಳವಾಗಿ ಉಣ್ಣಲು ಬಿಟ್ಟ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದವರಿದ್ದರು. ಕೊರತೆಯಲ್ಲಿಟ್ಟ ದೇಹವು ಸಿಕ್ಕಾಗ ಮುಗಿಬಿದ್ದು ತಿನ್ನಿಸುತ್ತದೆ ಎಂಬುದನ್ನು ವಸುಧಾ ಅವರಿಗೆ ವಿವರಿಸಿದಾಗ ಅವರು ಅತ್ತರು.

ನಾನು ಕೊಟ್ಟ ಸಲಹೆ ಸರಳವಾಗಿತ್ತು, ಅನುಸರಿಸಲು ಕಠಿಣವಾಗಿತ್ತು. ಆ್ಯಪ್ ತೆಗೆಯಬೇಕು. ಎದ್ದ ಮೇಲೆ ಹೊತ್ತು ಮಾಡದೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಏನಾದರೂ ಸ್ವಲ್ಪ, ರಾತ್ರಿ ಮಕ್ಕಳೊಂದಿಗೆ ಕೂತು ಊಟ. ಹೆಚ್ಚು ತಿಂದ ದಿನದ ಲೆಕ್ಕವನ್ನು ಮರುದಿನಕ್ಕೆ ಒಯ್ಯಬಾರದು. ಮರುದಿನದ ತಿಂಡಿ ಎಂದಿನಂತೆ ಆಗಲೇಬೇಕು. ಜೊತೆಗೆ ಮನೋವೈದ್ಯರನ್ನೂ ಆಹಾರತಜ್ಞರನ್ನೂ ಕಾಣಬೇಕು, ಏಕೆಂದರೆ ಪದೇ ಪದೇ ಅತಿಯಾಗಿ ತಿಂದು ಉಪವಾಸದಿಂದ ಸರಿದೂಗಿಸುವುದು ಚಿಕಿತ್ಸೆ ಬೇಕಾದ ತೊಂದರೆ. ಏಕಾದಶಿಯಾದರೂ ಮಾಡಬಹುದೇ ಎಂದು ಕೇಳಿದರು. ಗುಣವಾಗುವವರೆಗೆ ಅದೂ ಬೇಡ ಎಂದೆ. ಅತ್ತೆಯವರಿಗೆ ಬೇಸರವಾದದ್ದು ನನಗೆ ಗೊತ್ತು. ಆದರೂ ಆ ಮಾತನ್ನು ಸಡಿಲಿಸಲಿಲ್ಲ.

ಕೆಲವು ತಿಂಗಳ ನಂತರ ಎಚ್‌ಬಿಎ1ಸಿ 5.8 ಬಂದಾಗ, ಚೆನ್ನಾಗಿ ನಡೆಯುತ್ತಿದ್ದುದನ್ನು ನೀವು ನಿಲ್ಲಿಸಿಬಿಟ್ಟಿರಿ ಎಂದು ಪತಿ ಆಕ್ಷೇಪಿಸಿದರು. ಅವರ ಆತಂಕ ನ್ಯಾಯವಾದದ್ದೇ. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವನ್ನು ಅವರಿಗೆ ಹೇಳಿದೆ: ಊಟದ ಪ್ರಮಾಣವನ್ನು ಒಂದೇ ರೀತಿ ಇಳಿಸಿದಾಗ, ಎಂಟು ಗಂಟೆಗಳೊಳಗೆ ಉಂಡವರಿಗೂ ಸಮಯದ ಕಟ್ಟಿಲ್ಲದೆ ಉಂಡವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಿರುವಾಗ ಸಕ್ಕರೆಯನ್ನು ನಡಿಗೆಯಿಂದಲೂ ತಟ್ಟೆಯಲ್ಲಿನ ಬದಲಾವಣೆಯಿಂದಲೂ ಹಿಡಿತಕ್ಕೆ ತರಲು ದಾರಿಯಿದೆ. ವೈದ್ಯರು ಈಗ ಅದನ್ನೇ ಮಾಡಿಸುತ್ತಿದ್ದಾರೆ. ಕದ್ದು ನಿಂತು ತಿನ್ನುವ ಹೆಂಡತಿಯನ್ನು 5.6 ಎಂಬ ಅಂಕಿಗಾಗಿ ಹಾಗೆಯೇ ಬಿಡಲಾಗದು ಎಂದು ಅವರಿಗೆ ನೇರವಾಗಿಯೇ ಹೇಳಿದೆ. ವಸುಧಾ ಅವರಿಗೆ ಈಗಲೂ ಕೆಲವು ಸಂಜೆಗಳು ಕಷ್ಟವೇ, ಆದರೆ ಅಂಥ ಸಂಜೆಯ ಮರುದಿನ ಅವರು ತಿಂಡಿ ತಿನ್ನುತ್ತಾರೆ.

ಈ ಕ್ರಮವನ್ನು ಆರಂಭಿಸುವವರು ವೈದ್ಯರನ್ನು ಕೇಳಿ ಆರಂಭಿಸಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಬೆಳೆಯುವ ಮಕ್ಕಳಿಗೆ, ಹಿಂದೆ ಊಟದ ವಿಷಯದಲ್ಲಿ ನರಳಿದವರಿಗೆ ಇದು ಸಲ್ಲದು. ಮನೆಯವರು ಉಪವಾಸದ ಗಂಟೆಗಳನ್ನು ಹೊಗಳುವ ಬದಲು ಉಪವಾಸ ಮುಗಿಯುವ ಹೊತ್ತನ್ನು ಗಮನಿಸಲಿ: ಅವರು ನಿಮ್ಮ ಜೊತೆ ಕೂತು ಉಣ್ಣುತ್ತಾರೆಯೇ, ಒಂದು ಗಂಟೆ ಹೆಚ್ಚುಕಡಿಮೆಯಾದರೆ ಕಂಗೆಡುತ್ತಾರೆಯೇ, ಗೃಹಪ್ರವೇಶ ನಾಮಕರಣಗಳಿಗೆ ಊಟದ ಕಾರಣಕ್ಕೇ ಬರುವುದನ್ನು ತಪ್ಪಿಸುತ್ತಾರೆಯೇ? ಹೌದಾದರೆ ಗದರಿಸದೆ ಮಾತಾಡಿಸಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.