ಜನಮೈತ್ರಿಯ ಚಹಾ, ಎಫ್‌ಐಆರ್‌ನ ಪ್ರತಿ

ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಕೃಷಿಕರೊಬ್ಬರ ಪತ್ರ: "ಕೊಟ್ಟಿಗೆಯ ಅಟ್ಟದಿಂದ ಎರಡು ಗೋಣಿ ಚಾಲಿ ಅಡಿಕೆ ಕಳವಾಗಿ ಎರಡು ತಿಂಗಳಾಯಿತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಂಡು ಸಹಿ ಹಾಕಿಸಿದರು. ಕೊಟ್ಟದ್ದು ಬರೀ ಅರ್ಜಿಯ ರಸೀದಿ; ಪ್ರಕರಣ ದಾಖಲಾಗಿಲ್ಲವೆಂದು ಈಗ ತಿಳಿಯಿತು. ಅದೇ ಠಾಣೆಯವರು ಜನಮೈತ್ರಿ ಸಭೆಗೆ ಕರೆದಿದ್ದಾರೆ. ಹೋಗಿ ಚಹಾ ಕುಡಿದು ಬರುವುದರಿಂದ ಏನು ಪ್ರಯೋಜನ?"

ಸಂಪಾದಕರ ಉತ್ತರ:

ಹೋಗಿ. ಆದರೆ ನಿಮ್ಮ ಅಡಿಕೆಯ ವಿಚಾರ ಅಲ್ಲಿ ಇತ್ಯರ್ಥವಾದೀತೆಂದು ನಂಬಿ ಹೋಗಬೇಡಿ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಆಯೋಗದ ಶಿಫಾರಸಿನಂತೆ 2008ರಲ್ಲಿ ಕೇರಳದ 20 ಠಾಣೆಗಳಲ್ಲಿ ಆರಂಭವಾದ ಯೋಜನೆ ಜನಮೈತ್ರಿ. ಬೀಟ್ ಪೊಲೀಸರು ಮನೆಮನೆಗೆ ಬಂದು ಊರನ್ನು ಅರಿಯಬೇಕು, ಊರವರ ಸಮಿತಿಯೊಂದು ಠಾಣೆಯೊಂದಿಗೆ ಕುಳಿತು ಮಾತನಾಡಬೇಕು ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ತಪ್ಪು ಮಾಡಿದ ಪೊಲೀಸನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಆ ಸಮಿತಿಗಿಲ್ಲ. ಅದಕ್ಕೆ ಕಾಗದವೇ ಬೇಕು.

ಆ ಕಾಗದದ ಬಗ್ಗೆ ಕಾನೂನು ಮೌನವಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಬಾಯಿಮಾತಿನ ದೂರನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, ಸಹಿ ಪಡೆದು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕೇಳುವವನಿಗೆ ಬಾರದ ಭಾಷೆಯಲ್ಲಿ ಗಡಗಡನೆ ಓದಿ ಮುಗಿಸಿದರೆ ಓದಿ ಹೇಳಿದಂತಾಯಿತೆಂದು ನಾನಂತೂ ಒಪ್ಪುವುದಿಲ್ಲ. ಕೆಲವು ಅಪರಾಧಗಳಲ್ಲಿ ಮೊದಲು ವಿಚಾರಿಸಿ ನೋಡಲು ಈ ಕಲಮು 14 ದಿನ ಕೊಡುತ್ತದೆ, ಅದೂ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು. ಎರಡು ತಿಂಗಳಿಗೆ ಅಲ್ಲಿ ಜಾಗವಿಲ್ಲ.

ನಮ್ಮ ಗಡಿನಾಡಿನಲ್ಲಿ ಮಾತಿಗೇನೂ ಬರವಿಲ್ಲ. ತುಳುವೋ ಬ್ಯಾರಿಯೋ ಅರೆಬರೆ ಮಲಯಾಳವೋ, ಹೇಗೋ ಸಂಭಾಷಣೆ ಸಾಗುತ್ತದೆ. ನಾವು ಸೋಲುವುದು ಬರಹದಲ್ಲಿ. ಹಾಗಾಗಿ ಮುಂದಿನ ದೂರನ್ನು ನೀವೇ ಕನ್ನಡದಲ್ಲಿ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಹೇಳುತ್ತದೆ. ಠಾಣೆ ದಾಖಲಿಸಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ; ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ.

ಪೊಲೀಸರ ಮೇಲಿನ ದೂರುಗಳನ್ನು ಕೇಳುವ ಪೊಲೀಸ್ ದೂರು ಪ್ರಾಧಿಕಾರವೂ ಉಂಟು. ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿದ ಮೇಲೆ ರಾಜ್ಯಗಳು ರಚಿಸಬೇಕಾಗಿ ಬಂದ ವ್ಯವಸ್ಥೆಯಿದು. ಕೇರಳದ 2011ರ ಪೊಲೀಸ್ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜಿಲ್ಲಾಧಿಕಾರಿಯೂ ಪೊಲೀಸ್ ವರಿಷ್ಠಾಧಿಕಾರಿಯೂ ಸದಸ್ಯರು. ಯಾರ ಕೈಕೆಳಗಿನವರ ಮೇಲೆ ದೂರೋ ಅವರೇ ಪೀಠದಲ್ಲಿ! ಇದು ನನಗೆ ಸರಿಕಾಣುವುದಿಲ್ಲ. ಆದರೂ ದೂರು ಕೊಡಿ. ಅಧ್ಯಕ್ಷರು ಪೊಲೀಸರಲ್ಲ ಎಂಬಷ್ಟಾದರೂ ವ್ಯತ್ಯಾಸವಿದೆ.

ಇನ್ನು ಸಭೆಗೆ ಒಬ್ಬರೇ ಹೋಗಬೇಡಿ. ಅಡಿಕೆ ಕಳೆದುಕೊಂಡವರು ಊರಲ್ಲಿ ಬೇರೆಯವರೂ ಇದ್ದಾರು, ಕರೆದುಕೊಂಡು ಹೋಗಿ. ದೂರು ಬರೆದುಕೊಳ್ಳುವ ಮೇಜಿನಲ್ಲಿ ಕನ್ನಡ ಓದಲು ಬರೆಯಲು ಬಲ್ಲವರು ಎಷ್ಟು ಮಂದಿ, ಯಾವ ಹೊತ್ತಿಗೆ ಇರುತ್ತಾರೆ ಎಂದು ಎಲ್ಲರೆದುರು ಕೇಳಿ, ಪ್ರಶ್ನೆಯನ್ನೂ ಉತ್ತರವನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ. ವರಿಷ್ಠಾಧಿಕಾರಿಯ ಕಚೇರಿಯಿಂದ ಉತ್ತರ ಬಂದಾಗ ಅದರ ಪ್ರತಿ ನಮಗೂ ಕಳುಹಿಸಿ. ಮಲಯಾಳದಲ್ಲಿ ಬಂದರೂ ಸರಿ, ಹಾಗೆಯೇ ಅಚ್ಚು ಹಾಕುತ್ತೇವೆ.