ಮೇಸ್ತ್ರಿಗೆ ಕೇಳಿ: ಬಾರ್ಸಿಲೋನಾ ಟೇಬಲ್ ಮಾಡಿದವರು ಯಾರು?

(ಕಬ್ಬಿಣ, ಸ್ಟೀಲ್, ಗಾಜಿನ ಮನೆ ಸಾಮಾನಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ರಾಜಾಜಿನಗರದ ನಿವೃತ್ತ ಫ್ಯಾಬ್ರಿಕೇಟರ್ ಉತ್ತರ)

ಪ್ರಶ್ನೆ: ಮಗ ಹೊಸ ಮನೆಗೆ ಗಾಜಿನ ಟೀಪಾಯಿ ತಂದಿದ್ದಾನೆ. ಮೇಲೆ ದಪ್ಪ ಗಾಜು. ಅದರ ಮೂಲಕ ನೋಡಿದರೆ ಕೆಳಗೆ ಸ್ಟೀಲ್ ಪಟ್ಟಿಗಳು ಇಂಟು ಗುರುತಿನ ಹಾಗೆ ಕಾಣುತ್ತವೆ. ಅಂಗಡಿಯವರು ‘ಬಾರ್ಸಿಲೋನಾ ಟೇಬಲ್, ನೋಲ್ ಕಂಪನಿ ಡಿಸೈನ್’ ಎಂದರಂತೆ. ಇದು ಸ್ಪೇನ್ ಕಂಪನಿಯಾ? ಅಸಲಿ ಮಾಲಿಗೆ ಲಕ್ಷಗಟ್ಟಲೆ ಅಂತೆ. ಇಷ್ಟಕ್ಕೆ ಅಷ್ಟು ದುಡ್ಡು ಯಾಕೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಕಂಪನಿ ಸ್ಪೇನಿನದಲ್ಲ, ಅಮೆರಿಕದ್ದು. ತಮಾಷೆ ಏನೆಂದರೆ, ಟೇಬಲ್ ಕೂಡ ಬಾರ್ಸಿಲೋನಾಗೆಂದು ಮಾಡಿದ್ದಲ್ಲ. 1929ರಲ್ಲಿ ಆ ಊರಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಜರ್ಮನಿಯ ಮಂಟಪ ಕಟ್ಟಿದವರು ಆರ್ಕಿಟೆಕ್ಟ್ ಮೀಸ್ ವ್ಯಾನ್ ಡೆರ್ ರೋ. ಆ ಮಂಟಪಕ್ಕೆ ಮಾಡಿದ್ದು ಕುರ್ಚಿ. ಜೊತೆಗೆ ದುಡಿದ ಲಿಲಿ ರೈಖ್ ಅವರ ಹೆಸರನ್ನು ಜನ ಬಹಳ ಕಾಲ ಹೇಳಲೇ ಇಲ್ಲ. ಮೀಸ್ ಅವರ ಈ ಟೇಬಲ್ ಬಂದಿದ್ದು ಮರುವರ್ಷ, ಈಗಿನ ಚೆಕ್ ದೇಶದ ಬ್ರನೋ ಊರಿನ ಟುಗೆಂಡ್‌ಹಾಟ್ ಎಂಬವರ ಮನೆಗೆ. ಕುರ್ಚಿಯ ಹೆಸರು ಆಮೇಲೆ ಟೇಬಲ್‌ಗೂ ಅಂಟಿಕೊಂಡಿತು.

ಈಗ ಕಂಪನಿ ವಿಷಯ. ಹಾನ್ಸ್ ನೋಲ್ ಹುಟ್ಟಿದ್ದು 1914ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಪ್ಪ, ಅಜ್ಜ ಇಬ್ಬರದೂ ಇದೇ ಕುರ್ಚಿ–ಮೇಜಿನ ಕಸುಬು. ಹುಡುಗ ಅಮೆರಿಕಕ್ಕೆ ಹೋಗಿ 1938ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದ. ಶುರುವಿನ ಮಾಲಿನಲ್ಲಿ ಸ್ಟೀಲೂ ಇಲ್ಲ, ಗಾಜೂ ಇಲ್ಲ. ಯುದ್ಧದ ಕಾಲ, ಕಬ್ಬಿಣವೆಲ್ಲ ಸೇನೆಗೆ ಹೋಗುತ್ತಿತ್ತು. ಯೆನ್ಸ್ ರಿಸೋಮ್ ಎಂಬ ಡೆನ್ಮಾರ್ಕ್ ಮೂಲದ ಡಿಸೈನರ್ ಮರದ ಚೌಕಟ್ಟು ಮಾಡಿ, ಸೇನೆ ಬೇಡವೆಂದ ಪ್ಯಾರಾಚೂಟ್ ಪಟ್ಟಿಯನ್ನು ಹೆಣೆದು ಕುರ್ಚಿ ಮಾಡಿಕೊಟ್ಟರು. ಅದು ಚೆನ್ನಾಗಿಯೇ ಮಾರಾಟವಾಯಿತು.

ಆದರೆ ನನ್ನನ್ನು ಕೇಳಿದರೆ, ನೋಲ್ ಅನ್ನು ನೋಲ್ ಮಾಡಿದವರು ಹಾನ್ಸ್ ಅಲ್ಲ, 1943ರಲ್ಲಿ ಕೆಲಸಕ್ಕೆ ಸೇರಿದ ಫ್ಲಾರೆನ್ಸ್ ಶುಸ್ಟ್. ಚಿಕ್ಕಂದಿನಲ್ಲೇ ಅಪ್ಪ–ಅಮ್ಮನನ್ನು ಕಳೆದುಕೊಂಡ ಹುಡುಗಿ. ಮಿಷಿಗನ್‌ನ ಕ್ರಾನ್‌ಬ್ರುಕ್ ಕಲಾಶಾಲೆಯಲ್ಲಿ ಓದುವಾಗ ಆರ್ಕಿಟೆಕ್ಟ್ ಸಾರಿನೆನ್ ಅವರ ಮನೆಯಲ್ಲಿ ಮಗಳಂತೆ ಬೆಳೆದರು. ಮುಂದೆ ಶಿಕಾಗೋದಲ್ಲಿ ಪಾಠ ಹೇಳಿದವರು ಇದೇ ಮೀಸ್! 1946ರಲ್ಲಿ ಹಾನ್ಸ್ ಜೊತೆ ಮದುವೆಯಾಯಿತು. ಬಾರ್ಸಿಲೋನಾ ಕುರ್ಚಿ ಮಾಡುವ ಹಕ್ಕನ್ನು 1953ರ ಹೊತ್ತಿಗೆ ಮೀಸ್ ಇವರ ಕಂಪನಿಗೆ ಕೊಟ್ಟರು. ಹಳೇ ಶಿಷ್ಯೆ ಕೆಲಸ ಕೆಡಿಸುವುದಿಲ್ಲ ಎಂಬ ನಂಬಿಕೆ ಇದ್ದಿರಬೇಕು, ಅಲ್ವಾ?

ಬೇರೆಯವರು ಕುರ್ಚಿ ಮಾರುತ್ತಿದ್ದಾಗ ಫ್ಲಾರೆನ್ಸ್ ಇಡೀ ಆಫೀಸನ್ನೇ ಮಾರಿದರು. ಅದಕ್ಕೆಂದೇ ಕಂಪನಿಯೊಳಗೆ ಪ್ಲಾನಿಂಗ್ ಯೂನಿಟ್ ಎಂಬ ವಿಭಾಗ ಕಟ್ಟಿದರು. ಮೊದಲು ಆಫೀಸಿಗೆ ಹೋಗಿ ಯಾರು ಏನು ಕೆಲಸ ಮಾಡುತ್ತಾರೆ, ಯಾರಿಗೆ ಎಷ್ಟು ಕಾಗದ ಇಡಲು ಜಾಗ ಬೇಕು ಎಂದು ಕೇಳಿ ತಿಳಿಯುವುದು. ಆಮೇಲೆ ನಕ್ಷೆಯ ಮೇಲೆ ಬಟ್ಟೆಯ ತುಂಡು, ಮರದ ಚಕ್ಕೆ ಅಂಟಿಸಿ ಗಿರಾಕಿಗೆ ತೋರಿಸುವುದು. ಸಾಹೇಬರ ಕೋಣೆಯ ಮೂಲೆಯಲ್ಲಿ ಅಡ್ಡಡ್ಡ ಕೂತಿರುತ್ತಿದ್ದ ಭಾರೀ ಮರದ ಮೇಜನ್ನು ತೆಗೆಸಿದರು. ಅದರ ಜಾಗಕ್ಕೆ ಸ್ಟೀಲ್ ಕಾಲಿನ ತೆಳ್ಳನೆ ಟೇಬಲ್ ತಂದರು. ಮೊಟ್ಟೆಯಾಕಾರದ್ದೂ ಒಂದು ಮಾಡಿದರು, ಮೀಟಿಂಗ್‌ನಲ್ಲಿ ಎಲ್ಲರ ಮುಖ ಎಲ್ಲರಿಗೂ ಕಾಣಲಿ ಎಂದು. ನ್ಯೂಯಾರ್ಕ್‌ನ ಸಿಬಿಎಸ್ ಎಂಬ ಟಿವಿ ಕಂಪನಿಯ ಕಟ್ಟಡದ ಒಳಾಂಗಣ ಅವರ ಕೊನೆಯ ದೊಡ್ಡ ಕೆಲಸ. ನಡುವೆ 1955ರಲ್ಲಿ ಹಾನ್ಸ್ ಕ್ಯೂಬಾದಲ್ಲಿ ಕಾರು ಅಪಘಾತವಾಗಿ ತೀರಿಕೊಂಡರು, ವಯಸ್ಸು 41. ಆಮೇಲೆ ಕಂಪನಿಯನ್ನು ನಡೆಸಿದ್ದು ಫ್ಲಾರೆನ್ಸ್. 1959ರಲ್ಲಿ ಕಂಪನಿ ಮಾರಿದರೂ ಡಿಸೈನ್ ಕೆಲಸ ಬಿಡಲಿಲ್ಲ, ನಿವೃತ್ತಿಯಾದದ್ದು 1965ರಲ್ಲಿ. 2019ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ಇನ್ನು ದುಡ್ಡಿನ ವಿಷಯ. ಈ ಟೇಬಲ್‌ನ ಫೋಟೊ ಹಿಡಿದು ನನ್ನ ಶೆಡ್‌ಗೆ ಬಂದವರು ಕಡಿಮೆಯಿಲ್ಲ. ‘ನಾಲ್ಕು ಪಟ್ಟಿ, ಒಂದು ಗಾಜು, ಏನ್ ಮಹಾ’ ಅನ್ನೋರು. ಕಷ್ಟ ಇರುವುದೇ ಅಲ್ಲಿ. ಸ್ಟೀಲ್ ಪಟ್ಟಿಗೆ ವೆಲ್ಡಿಂಗ್ ಕಾವು ತಾಗಿದ ಕೂಡಲೇ ಅದು ಎಳೆದುಕೊಂಡು ತಿರುಚುತ್ತದೆ. ಒಂದು ಕಾಲು ಕೂದಲೆಳೆಯಷ್ಟು ಎದ್ದರೂ ಮೇಲಿನ ಗಾಜು ಲೊಟಲೊಟ ಅನ್ನುತ್ತದೆ. ಗಾಜಿಗೆ ಸ್ಕ್ರೂ ಇಲ್ಲ, ಸುಮ್ನೆ ಕೂತಿರುವುದು ತಾನೇ? ಆಮೇಲೆ ಬಫಿಂಗ್, ಅಂದರೆ ಉಜ್ಜಿ ಹೊಳಪು ತರುವುದು. ಮರದ ಸಾಮಾನಿನಲ್ಲಿ ಸಂದು ಬಿಟ್ಟರೆ ಪುಟ್ಟಿ ಹಾಕಿ ಮುಚ್ಚಬಹುದು. ಕನ್ನಡಿ ಹೊಳಪಿನ ಸ್ಟೀಲ್‌ನಲ್ಲಿ ವೆಲ್ಡಿಂಗ್ ಮಾಡಿದ ಜಾಗ ಒಂಚೂರು ಅಲೆಯಾದರೂ ಟ್ಯೂಬ್‌ಲೈಟ್ ಬೆಳಕು ಅದನ್ನು ಹಿಡಿದುಕೊಡುತ್ತದೆ. ಮೇಲೆ ಗಾಜು ಬೇರೆ, ಮುಚ್ಚಿಡಲು ಜಾಗವೇ ಇಲ್ಲ. ಮೀಸ್ ಅವರ ಕುರ್ಚಿಯದೂ ಇದೇ ಪಾಡು. ಮೊದಲಿನವಕ್ಕೆ ಚೌಕಟ್ಟನ್ನು ಬೋಲ್ಟ್ ಹಾಕಿ ಜೋಡಿಸಿ ಕ್ರೋಮ್ ಹಚ್ಚಿದ್ದರು. ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ 1950ರ ಸುಮಾರಿಗೆ ಬೋಲ್ಟ್ ತೆಗೆದು ಒಂದೇ ತುಂಡಿನ ಹಾಗೆ ಮಾಡಿದರು. ಬೋಲ್ಟ್ ಇದ್ದರೆ ನನ್ನಂಥವನಿಗೆ ಸುಲಭ. ಅದನ್ನು ತೆಗೆದರೆ ಕೂಲಿ ಎಷ್ಟೋ ಪಟ್ಟು ಜಾಸ್ತಿ. ನಿಮ್ಮ ಮಗ ತಂದಿದ್ದು ನಕಲಾದರೂ ಗಾಜು ತೆಗೆದು ನಡುವಿನ ಸಂದಿಯ ಮೇಲೆ ಉಗುರು ಆಡಿಸಿ ನೋಡಿ. ಎಲ್ಲೂ ತಡೆಯದಿದ್ದರೆ ಮಾಡಿದವನು ಕೆಲಸ ಬಲ್ಲವನು.

ಪ್ರಶ್ನೆ: ಕೆಫೆಗಳಲ್ಲಿ ಜಾಲರಿಯಂಥ ತಂತಿ ಕುರ್ಚಿ ನೋಡುತ್ತಿದ್ದೇನೆ. ಅದೂ ವಿದೇಶಿ ಡಿಸೈನಾ?
– ಹುಬ್ಬಳ್ಳಿಯ ಓದುಗರು

ಉತ್ತರ: ವಜ್ರದಾಕಾರದ್ದಾದರೆ ಅದೂ ನೋಲ್ ಕಂಪನಿಯದೇ, 1952ರ ಮಾಲು. ಮಾಡಿದವರು ಹ್ಯಾರಿ ಬರ್ಟೋಯ. ಇಟಲಿಯಿಂದ ಹದಿನೈದನೇ ವಯಸ್ಸಿಗೆ ಅಮೆರಿಕ ಸೇರಿದವರು. ಕ್ರಾನ್‌ಬ್ರುಕ್‌ನಲ್ಲಿ ಲೋಹದ ಕೆಲಸ ಕಲಿಸುತ್ತಿದ್ದರು, ಫ್ಲಾರೆನ್ಸ್‌ಗೆ ಅಲ್ಲಿಂದಲೇ ಪರಿಚಯ. ದಂಪತಿ ಅವರನ್ನು ಪೆನ್ಸಿಲ್ವೇನಿಯಾಕ್ಕೆ ಕರೆಸಿಕೊಂಡರು. ಶೆಡ್ ಕೊಟ್ಟು, ನಿಮಗೆ ತೋಚಿದ್ದು ಮಾಡಿ, ಕುರ್ಚಿಯೇ ಆಗಬೇಕೆಂದಿಲ್ಲ ಎಂದರು. ಕೊನೆಗೆ ಆದದ್ದು ಕುರ್ಚಿಯೇ! ನನಗೆ ಯಾವ ಮಾಲೀಕರೂ ಹೀಗೆ ಹೇಳಿದ ನೆನಪಿಲ್ಲ.

ಈ ಕುರ್ಚಿಯ ಮೇಲೆ ಜಗಳವೂ ಆಯಿತು. ಜಾಲರಿಯ ಅಂಚಿನಲ್ಲಿ ತಂತಿಯ ತುದಿಗಳು ಚುಚ್ಚಬಾರದಲ್ಲ? ಅದಕ್ಕೆ ಬರ್ಟೋಯ ಎರಡು ಸಣ್ಣ ತಂತಿಗಳ ನಡುವೆ ತುದಿಗಳನ್ನು ಹಿಡಿಸಿದ್ದರು. ಹರ್ಮನ್ ಮಿಲ್ಲರ್ ಎಂಬ ಎದುರಾಳಿ ಕಂಪನಿ, ಆ ಎರಡು ತಂತಿ ಅಂಚಿನ ಪೇಟೆಂಟ್ ನಮ್ಮದು ಎಂದಿತು. ನೋಲ್‌ನವರು ಒಂದೇ ದಪ್ಪ ತಂತಿ ಹಾಕಿ, ತುದಿಗಳನ್ನು ಓರೆಯಾಗಿ ಗ್ರೈಂಡ್ ಮಾಡಿದರು. ನನ್ನ ಕಣ್ಣಿಗೆ ಎರಡನೆಯದೇ ಚೆಂದ. ಕುರ್ಚಿಯಿಂದ ಬಂದ ರಾಯಲ್ಟಿ ಬರ್ಟೋಯ ಅವರಿಗೆ ಜೀವನಕ್ಕಾಯಿತು. ಮುಂದೆ ಅವರು ಶಿಲ್ಪಗಳನ್ನೇ ಮಾಡಿದರು, ಮುಟ್ಟಿದರೆ ನಾದ ಹೊರಡುವ ಸರಳುಗಳ ಶಿಲ್ಪ. ಡಿಸೈನ್ ಮಾಡಿದವರ ಹೆಸರು ಹೇಳಿ, ರಾಯಲ್ಟಿ ಕೊಡುವುದು ನೋಲ್‌ನ ಪದ್ಧತಿ. ಅಂದಹಾಗೆ, 2021ರಲ್ಲಿ ಇದೇ ಹರ್ಮನ್ ಮಿಲ್ಲರ್ ಸುಮಾರು 180 ಕೋಟಿ ಡಾಲರ್ ಕೊಟ್ಟು ನೋಲ್ ಅನ್ನೇ ಕೊಂಡುಕೊಂಡಿತು. ಈಗ ಇಬ್ಬರದೂ ಒಂದೇ ಬೋರ್ಡು, ಮಿಲ್ಲರ್‌ನೋಲ್.

ಪ್ರಶ್ನೆ: ಅಜ್ಜನ ಕಾಲದ ಕುರ್ಚಿಯೊಂದಿದೆ. ಸ್ಟೀಲ್ ಪೈಪು, ಬೆತ್ತದ ಸೀಟು, ಹಿಂಗಾಲೇ ಇಲ್ಲ. ಪೈಪ್ ಬದಲಿಸಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ದಯವಿಟ್ಟು ಬದಲಿಸಬೇಡಿ. ಈ ನಮೂನೆಯನ್ನು 1928ರಲ್ಲಿ ಮಾಡಿದವರು ಮಾರ್ಸೆಲ್ ಬ್ರಾಯರ್. ಸೈಕಲ್ ಹ್ಯಾಂಡಲ್ ನೋಡಿ ಪೈಪ್ ಬಗ್ಗಿಸುವ ಯೋಚನೆ ಬಂದಿತ್ತಂತೆ. ಅವರ ಡಿಸೈನುಗಳು 1968ರಲ್ಲಿ ಇಟಲಿಯ ಗವೀನಾ ಕಂಪನಿಯ ಜೊತೆಗೆ ನೋಲ್‌ಗೆ ಬಂದವು. ಹಿಂಗಾಲಿಲ್ಲದ ಕುರ್ಚಿಯ ಭಾರವೆಲ್ಲ ಮುಂದಿನ ತಿರುವಿನ ಮೇಲೆ. ಪೈಪ್ ಬಗ್ಗಿಸುವಾಗ ಅಲ್ಲಿ ಚಪ್ಪಟೆಯಾದರೆ ಕುರ್ಚಿ ಮುಗೀತು. ನಾವು ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ ಬಗ್ಗಿಸುತ್ತಿದ್ದೆವು. ಹಳೇ ಪೈಪ್‌ನ ತಿರುವಿನಲ್ಲಿ ಬಿರುಕಿದೆಯಾ ನೋಡಿ. ಇಲ್ಲದಿದ್ದರೆ ಬೆತ್ತ ಮಾತ್ರ ಹೊಸದಾಗಿ ಹೆಣೆಸಿ.

ಪ್ರಶ್ನೆ: ಟೀಪಾಯಿಗೆ ಎಷ್ಟು ದಪ್ಪದ ಗಾಜು ಹಾಕಿಸಬೇಕು? ಮನೆಯಲ್ಲಿ ಮಕ್ಕಳಿದ್ದಾರೆ.
– ಮೈಸೂರಿನ ಓದುಗರು

ಉತ್ತರ: 12 ಮಿ.ಮೀ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಹಾಕಿಸಿ. ಒಡೆದರೂ ಚೂಪು ತುಂಡಾಗದೆ ಸಣ್ಣ ಹರಳಾಗುತ್ತದೆ. ಅಳತೆ, ತೂತು, ಅಂಚಿನ ಪಾಲಿಶ್ ಎಲ್ಲ ಮೊದಲೇ ಮುಗಿಸಿ ಆಮೇಲೆ ಟಫನ್ ಮಾಡಿಸಬೇಕು. ಆದ ಮೇಲೆ ಕತ್ತರಿಸಲು ಹೋದರೆ ಪೂರ್ತಿ ಪುಡಿ. ಒಂದು ಚದರ ಮೀಟರ್ ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. ಅಂದರೆ ನಿಮ್ಮದು ಒಂದು ಚದರ ಮೀಟರ್ ಇದ್ದರೆ 30 ಕೆ.ಜಿ. ಒಬ್ಬರೇ ಎತ್ತಲು ಹೋಗಬೇಡಿ. ಮೂಲೆಗಳನ್ನು ಗುಂಡಗೆ ಮಾಡಿಸಿ, ಗಾಜು–ಸ್ಟೀಲ್ ನಡುವೆ ಸಿಲಿಕೋನ್ ಬಟನ್ ಇಡಲು ಹೇಳಿ.